ಆಡಿ ನೋಡಿ, ಬಿಲ್ಲು ತಿಳಿಯಿರಿ
(ಹಾರೋಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹೇಳಿದ ಮಾತುಗಳು)



ಇವತ್ತು ಭಾಷಣದ ಹಾಳೆ ತಂದಿಲ್ಲ, ಹುಣಸೆ ಬೀಜ ತಂದಿದ್ದೇನೆ. ನಗಬೇಡಿ, ಮೊದಲು ಒಂದು ಸಂಗತಿ ಕೇಳಿ.

ನಮ್ಮ ಒಬ್ಬ ಸದಸ್ಯೆ ಸಂಘದಲ್ಲಿ ಸಾಲ ತೆಗೆದು ಗೀಸರ್, ಇಂಡಕ್ಷನ್ ಒಲೆ ಎರಡನ್ನೂ ತಂದರು. "200 ಯೂನಿಟ್ ಫ್ರೀ ಅಲ್ವಾ ಸಿಸ್ಟರ್" ಎಂಬ ಧೈರ್ಯ. ಖರ್ಚಾದದ್ದು 160 ಯೂನಿಟ್. ಆದರೂ 50 ಯೂನಿಟ್‌ಗೆ ಬಿಲ್ಲು ಬಂತು. ಆ ವಾರ ಸಂಘದ ಕಂತು ತಪ್ಪಿತು, ಮನೆಯಲ್ಲಿ ಜಗಳವೂ ಆಯಿತು.

ತಪ್ಪು ಅವರದಲ್ಲ. ಗೃಹಜ್ಯೋತಿ ನಿಯಮವನ್ನು ನಾನೇ ಓದಿ ಹೇಳಿದ್ದೆ. ಎಲ್ಲರೂ ತಲೆ ಆಡಿಸಿದ್ದಿರಿ, ಅರ್ಥ ಮಾತ್ರ ಆಗಿರಲಿಲ್ಲ. ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಯಾವ ಬೆಳೆಯಿಟ್ಟರೆ ಅಂತರ್ಜಲ ಎಷ್ಟು ಇಳಿಯುತ್ತದೆ ಎಂಬುದನ್ನು ರೈತರಿಗೆ ಆಟ ಆಡಿಸಿಯೇ ತೋರಿಸಿದರು. ನಾವೂ ಹಾಗೇ ಮಾಡೋಣ.

ಒಂದು ಬೀಜ ಅಂದರೆ 10 ಯೂನಿಟ್. 2023ರ ಜುಲೈನಿಂದ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ. 10ರ ಬದಲು 10 ಯೂನಿಟ್ ಹೆಚ್ಚು.) ಸರಾಸರಿ 100 ಇದ್ದ ಮನೆಗೆ 11 ಬೀಜ ಉಚಿತ.

ಈಗ ಆಡಿ. ದೀಪ, ಫ್ಯಾನು, ಟಿ.ವಿ., ಫ್ರಿಜ್ಜು ಸೇರಿ 10 ಬೀಜ ಇಡಿ. 2000 ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 3 ಬೀಜ. ಅಷ್ಟೇ ವ್ಯಾಟಿನ ಇಂಡಕ್ಷನ್ ಒಲೆಗೂ 3 ಬೀಜ. ಒಟ್ಟು 16. ಹೆಚ್ಚಾದ 5 ಬೀಜಕ್ಕೆ ದುಡ್ಡು ಕಟ್ಟಬೇಕು. 20 ದಾಟಿ 21 ಆಯಿತೋ, 21ಕ್ಕೂ ಕಟ್ಟಬೇಕು! ಹಾವು ಏಣಿಯಲ್ಲಿ ದಾಳ ಬಿದ್ದಂತೆ ನಡೆಯಬೇಕು. ಇಲ್ಲಿ ದಾಳವೇ ಇಲ್ಲ, ಯಾವುದು ಬೇಕು, ಯಾವುದು ಬೇಡ ಎಂದು ನೀವೇ ಆರಿಸಬೇಕು.

ಎರಡನೇ ಸುತ್ತಿನಲ್ಲಿ ಒಬ್ಬರು ಸರ್ಕಾರವಾಗಿ ಕೂರಲಿ. ಉಚಿತ ಬೀಜದ ಹಣವನ್ನು ವಿದ್ಯುತ್ ಕಂಪನಿಗೆ ಅವರೇ ಕೊಡಬೇಕು. ಆಗ ಗೊತ್ತಾಗುತ್ತೆ, ಉಚಿತ ಅಂದರೂ ಯಾರೋ ಕಟ್ಟುತ್ತಿದ್ದಾರೆ, ಅದು ನಮ್ಮೆಲ್ಲರ ತೆರಿಗೆ. ಪಾವಗಡದಲ್ಲಿ ಬಿಸಿಲಿನಿಂದ ಕರೆಂಟು ಬಂದರೂ ರಾಯಚೂರಿನಲ್ಲಿ ಇನ್ನೂ ಕಲ್ಲಿದ್ದಲು ಸುಡುತ್ತಾರೆ. ಉಳಿಸಿದ ಬೀಜ ಆ ಹೊಗೆಯನ್ನೂ ಉಳಿಸುತ್ತದೆ.

ಮೂರನೇ ಸುತ್ತು ಸೋಲಾರ್. ಒಂದು ಕಿಲೋವ್ಯಾಟ್ ಪ್ಯಾನೆಲ್ಲು ತಿಂಗಳಿಗೆ ಸುಮಾರು 10–12 ಬೀಜ ಕೊಡುತ್ತದೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ಆದರೆ ಅದು ಕೈಗೆ ಬರುವುದು ಪ್ಯಾನೆಲ್ಲು ಕೂರಿಸಿ, ಪರಿಶೀಲನೆ ಮುಗಿದ ಮೇಲೆ. ಅಲ್ಲಿಯವರೆಗಿನ ಹಣ ನಮ್ಮದೇ.

ಹೋದ ಸಾರಿ ಆಡಿದಾಗ ಒಬ್ಬ ಅಜ್ಜಿ ಕೇಳಿದರು: "ಬಿಲ್ಲೇ ಬರದ ಮನೆಗೆ ಸೋಲಾರ್ ಯಾಕವ್ವಾ?" ನಾನು ಓದಿದ ಎಂ.ಎಸ್.ಡಬ್ಲ್ಯೂ. ಇಂಥ ಪ್ರಶ್ನೆ ಕಲಿಸಿರಲಿಲ್ಲ. ಬಿಲ್ಲು ಸೊನ್ನೆ ಇರುವ ಮನೆಗೆ ಸೋಲಾರ್‌ನಿಂದ ದುಡ್ಡು ಉಳಿಯುವುದಿಲ್ಲ. 200 ದಾಟುವ ಮನೆಗೆ ಲೆಕ್ಕವೇ ಬೇರೆ. ಹಾಗಾದರೆ ಸರ್ಕಾರದ ಒಂದು ಯೋಜನೆ ಇನ್ನೊಂದಕ್ಕೆ ಅಡ್ಡ ಬರುತ್ತಿದೆಯೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಇದು.

ಮುಂದಿನ ಸಭೆಗೆ ಪಾಸ್‌ಬುಕ್ ಜೊತೆ ಕಳೆದ ತಿಂಗಳ ಕರೆಂಟು ಬಿಲ್ಲನ್ನೂ ತನ್ನಿ. ಬೀಜ ಎಣಿಸದೆ ಯಾರೂ ಸಾಲದ ಅರ್ಜಿಗೆ ಸಹಿ ಹಾಕಬೇಡಿ.