ನಾಡಿ ತೋರಿಸುವ ಮೊದಲು ಮಾತ್ರೆ ತೋರಿಸಿ

ಇವತ್ತು ರಾಜಕೀಯ ಬೇಡ, ಅದು ನಾಳೆಯೂ ಇರುತ್ತೆ. ಇವತ್ತು ನಮ್ಮ ದೊಡ್ಡಮ್ಮನ ಮಂಡಿನೋವಿನ ಕಥೆ.

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಆಟೊದವರು ಆಯುರ್ವೇದಿಕ್ ಸರ್ಕಲ್ ಅಂತ ಕರೆಯುವ ಜಾಗ ನಿಮಗೆ ಗೊತ್ತು. ಅಲ್ಲಿರುವ ಸರ್ಕಾರಿ ಆಯುರ್ವೇದ ಕಾಲೇಜು 1908ರಲ್ಲಿ, ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಅಲ್ಲಿನ ಆಸ್ಪತ್ರೆಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಬ್ಬರಿಗೂ ಅದು ಮೊದಲ ಸಲ.

ಚೀಟಿ ಮಾಡಿಸಿ ಒಳಗೆ ಹೋದರೆ ವೈದ್ಯೆ ಮಂಡಿಯನ್ನು ಮುಟ್ಟಲೇ ಇಲ್ಲ. ಹಸಿವು ಹೇಗಿದೆ, ನಿದ್ದೆ ಬರುತ್ತಾ, ಬೆಳಗ್ಗೆ ಹೊಟ್ಟೆ ಸಲೀಸಾಗಿ ಹೋಗುತ್ತಾ ಅಂತ ಶುರುಮಾಡಿದರು. ದೊಡ್ಡಮ್ಮ ನನ್ನ ಕಿವಿಯಲ್ಲಿ, "ನೋವು ಕಾಲಿಗೆ ಕಣೋ, ಇವರ್‍ಯಾಕೆ ಹೊಟ್ಟೆ ಕೇಳ್ತಾರೆ?" ಅಂದರು. ಅಷ್ಟಸ್ಥಾನ ಪರೀಕ್ಷೆ ಅಂದರೆ ಹಾಗೇ ಸ್ವಾಮಿ. ನಾಡಿ, ಮೂತ್ರ, ಮಲ, ನಾಲಿಗೆ, ಧ್ವನಿ, ಸ್ಪರ್ಶ, ಕಣ್ಣು, ಆಕೃತಿ, ಎಂಟನ್ನೂ ನೋಡಬೇಕು. ಆಮೇಲೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು: ತೋರುಬೆರಳು ವಾತಕ್ಕೆ, ನಡುಬೆರಳು ಪಿತ್ತಕ್ಕೆ, ಉಂಗುರದ ಬೆರಳು ಕಫಕ್ಕೆ. ಚೀನಾದ ನಾಟಿ ವೈದ್ಯರೂ ಹೀಗೇ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾರೆ, ನಾಲಿಗೆ ಚಾಚಿಸುತ್ತಾರೆ. ಗಡಿಯಲ್ಲಿ ಜಗಳ ಇರಬಹುದು, ಮಣಿಕಟ್ಟಿನ ವಿಷಯದಲ್ಲಿ ಇಲ್ಲ.

ಕೊನೆಗೆ ಕೇಳಿದರು, "ಬೇರೆ ಏನು ಮಾತ್ರೆ ತಗೋತೀರಿ?" ದೊಡ್ಡಮ್ಮ, "ಏನೂ ಇಲ್ಲ" ಅಂದರು. ನನಗೆ ಗಾಬರಿ. ಹನ್ನೆರಡು ವರ್ಷದಿಂದ ಶುಗರ್ ಮಾತ್ರೆ ನುಂಗುವವರು! ವಿಚಾರಿಸಿದರೆ, ಎರಡೂ ಔಷಧಿ ಸೇರಬಾರದು ಅಂತ ಪಕ್ಕದ ಮನೆಯವರು ಹೇಳಿದರಂತೆ. ಮೂರು ವಾರದಿಂದ ಮಾತ್ರೆ ನಿಲ್ಲಿಸಿದ್ದಾರೆ, ನಮಗ್ಯಾರಿಗೂ ಹೇಳಿಲ್ಲ.

ವೈದ್ಯೆ ಬಯ್ಯಲಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದರು. 300 ದಾಟಿತ್ತು. "ಅಮ್ಮಾ, ಇವತ್ತೇ ನಿಮ್ಮ ಹಳೇ ಡಾಕ್ಟರ ಹತ್ತಿರ ಹೋಗಿ. ಕಷಾಯ ಎಲ್ಲಿಗೂ ಓಡಿಹೋಗಲ್ಲ."

ನೀವು ಹೋಗುವುದಾದರೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹಳೇ ರಿಪೋರ್ಟೂ ಇರಲಿ. ನೋಡುವವರು ಬಿಎಎಂಎಸ್ ಓದಿ ನೋಂದಣಿ ಆದವರಾ ಅಂತ ಕೇಳಿ, ಅದರಲ್ಲಿ ಸಂಕೋಚ ಏನು? ಭಸ್ಮ ಕೊಟ್ಟರೆ ಅದರಲ್ಲಿ ಪಾದರಸ, ಸೀಸ ಇದೆಯಾ ಅಂತ ವಿಚಾರಿಸಿ. ಹೆಸರಿಲ್ಲದ ಪುಡಿ ಪೊಟ್ಟಣ ಮಾತ್ರ ಯಾರು ಕೊಟ್ಟರೂ ಬೇಡ.

ದೊಡ್ಡಮ್ಮ ಈಗ ಬೆಳಗ್ಗೆ ಶುಗರ್ ಮಾತ್ರೆ ತಗೋತಾರೆ, ರಾತ್ರಿ ಮಂಡಿಗೆ ತೈಲ ಹಚ್ಚಿಕೊಳ್ಳುತ್ತಾರೆ. ಬದನೆಕಾಯಿ ಪಥ್ಯದ ಬಗ್ಗೆ ಮಾತ್ರ ತಕರಾರು ಇನ್ನೂ ಮುಗಿದಿಲ್ಲ.