ರೋಹಿಣಿಗೆ ಮುನ್ನ ಕೊನೆಯ ಅಂಚು



ಮೇ ತಿಂಗಳ ಕೊನೆಗೆ ಬಂದಿದ್ದೇವೆ. ಮಳೆ ನಕ್ಷತ್ರಗಳಲ್ಲಿ ಕೃತ್ತಿಕೆ ಮುಗಿಯುತ್ತ ಬಂತು. 25ರ ಸುಮಾರಿಗೆ ರೋಹಿಣಿ ಹಿಡಿಯುತ್ತದೆ, ಜೂನ್ 8ರ ಹೊತ್ತಿಗೆ ಮೃಗಶಿರ. ಕಾರವಾರದಿಂದ ಭಟ್ಕಳದವರೆಗಿನ ಕಡಲಂಚಿನ ಊರುಗಳಲ್ಲಿ ಈ ದಿನಗಳಿಗಿರುವ ಅವಸರ ವರ್ಷದ ಬೇರೆ ಯಾವ ದಿನಕ್ಕೂ ಇಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಒಣಮೀನು. ಕೊಟ್ಟಿಗೆಯ ಪಕ್ಕದಲ್ಲಿ ಸೌದೆಯ ರಾಶಿ. ಮಾಡಿನ ಮೇಲೆ ಒಡೆದ ಹಂಚು ಬದಲಿಸುವವರು. ಇವೆಲ್ಲದರ ನಡುವೆ ಜಗಲಿಯ ಒಂದು ಮೂಲೆಯಲ್ಲಿ, ಮನೆಯವರ ಯಾವ ಲೆಕ್ಕಕ್ಕೂ ಬಾರದೆ, ಇನ್ನೊಂದು ಕೆಲಸ ಮುಗಿಯುತ್ತಿರುತ್ತದೆ. ಹಳೆಯ ಸೀರೆಗಳಿಂದ ಹೊಲಿದ ಸಣ್ಣ ಕೌದಿಗಳು. ತೊಟ್ಟಿಲ ಮಗುವಿಗೆ ಹಾಸುವಷ್ಟು, ಕಂಕುಳಲ್ಲಿ ಎತ್ತಿಕೊಂಡಾಗ ಸುತ್ತುವಷ್ಟು. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ, ಅದಕ್ಕಿಂತ ದೊಡ್ಡದಿಲ್ಲ.

ಈ ಅಳತೆಯನ್ನು ಯಾರು ಗೊತ್ತು ಮಾಡಿದರು ಎಂದು ನಾನು ಬಹಳ ಯೋಚಿಸಿದ್ದೇನೆ. ಮಗುವಿನ ಮೈ ಸಣ್ಣದು, ಸರಿ. ಆದರೆ ನಮ್ಮ ಕರಾವಳಿಯಲ್ಲಿ ಈ ಅಳತೆ ಕೊಟ್ಟದ್ದು ಹೆಚ್ಚಾಗಿ ಮಳೆಯೇ. ಹೊನ್ನಾವರದಂಥ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಷಾಢದಲ್ಲಿ ಹೆರಿಗೆಯಾದ ಮನೆಯನ್ನು ನೆನಪಿಸಿಕೊಳ್ಳಿ. ಮಗು ಒದ್ದೆ ಮಾಡಿದ ಬಟ್ಟೆ ಹೊರಗೆ ಹಾಕುವ ಹಾಗಿಲ್ಲ. ಬಚ್ಚಲ ಒಲೆಯ ಮೇಲೆ ಅಡ್ಡ ಕಟ್ಟಿದ ಗಳವೇ ಬಿಸಿಲು. ಐದಾರು ಪದರದ ದೊಡ್ಡ ಕೌದಿ ಅಲ್ಲಿ ವಾರವಾದರೂ ಒಣಗದೆ ಕಮಟು ಹಿಡಿಯುತ್ತದೆ. ಎರಡು ಮೂರು ಪದರದ ಸಣ್ಣದು ರಾತ್ರಿ ಹಾಕಿದರೆ ಬೆಳಿಗ್ಗೆಗೆ ಬೆಚ್ಚಗೆ ಕೈಗೆ ಬರುತ್ತದೆ. ಹಾಗಾಗಿ ಒಂದು ದೊಡ್ಡದಕ್ಕೆ ಬದಲು ನಾಲ್ಕೈದು ಸಣ್ಣವು. ಒಂದು ಮಗುವಿನ ಕೆಳಗೆ, ಒಂದು ಒಲೆಯ ಮೇಲೆ, ಒಂದು ನೀರಿನಲ್ಲಿ, ಮಿಕ್ಕವು ಮಡಚಿ ಪಕ್ಕಕ್ಕೆ. ಮಳೆಗಾಲವನ್ನು ಇಷ್ಟು ನಿಖರವಾಗಿ ಓದಿಕೊಂಡು ಬಟ್ಟೆಗೆ ಅಳತೆ ಹಾಕಿದ ಹೆಂಗಸರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಹೊಲಿಗೆ ಶುರುವಾಗುವುದು ಯಾವಾಗ ಎಂದು ಹೇಳುವುದು ಕಷ್ಟ. ಮಗಳು ಬಸುರಾದ ಸುದ್ದಿ ಬಂದಾಗ ಎಂದುಕೊಳ್ಳೋಣ. ಅಥವಾ ಸುಗ್ಗಿ ಮುಗಿದು ಕೈ ಬಿಡುವಾದಾಗ. ಅಜ್ಜಿಯ ಸೀರೆ, ಅಮ್ಮನ ಸೀರೆ, ಅಪ್ಪನ ಪಂಚೆ, ಯಾವುದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದು ಉಟ್ಟು ಉಟ್ಟು ಮಾಸಿದ ಸೆರಗು. ಹತ್ತಿಯದೇ ಆಗಬೇಕು. ಹತ್ತಿ ಒಗೆದಷ್ಟೂ ಮೆದುವಾಗುತ್ತದೆ, ಬೆವರನ್ನೂ ತೇವವನ್ನೂ ಕುಡಿಯುತ್ತದೆ. ಅಂಗಡಿಯಲ್ಲಿ ಸಿಗುವ ನುಣುಪಾದ ಪಾಲಿಯೆಸ್ಟರ್ ಹೊದಿಕೆ ನೋಡಲು ಚಂದ, ನಮ್ಮ ಸೆಕೆಗೆ ಅದು ಸಲ್ಲದು. ಅದರಲ್ಲಿ ಸುತ್ತಿದ ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಏಳುವುದನ್ನು ನಾನೇ ಕಂಡಿದ್ದೇನೆ. ಮೊದಲ ಸ್ನಾನದ ಮಗುವಿಗೆ ಹೊಸ ಬಟ್ಟೆ ಬೇಡ, ಹಿರಿಯರು ಉಟ್ಟ ಹಳೆಯದೇ ಬೇಕು ಎಂಬ ನಮ್ಮ ಕಡೆಯ ರೂಢಿಯ ಹಿಂದೆ ಈ ಅನುಭವವೂ ಇದ್ದೀತು.

ಆರಂಭಕ್ಕೆ ಉತ್ಸಾಹ ಸಾಕು. ಬಣ್ಣ ಜೋಡಿಸುವುದು, ತುಂಡು ಕತ್ತರಿಸುವುದು, ಕೆಂಪಿನ ಪಕ್ಕ ಹಸಿರು ಇಡಲೋ ಹಳದಿ ಇಡಲೋ ಎಂದು ನೆರೆಮನೆಯವರನ್ನು ಕರೆದು ಕೇಳುವುದು, ಇದೆಲ್ಲ ಸಂತೋಷದ ಕೆಲಸ. ನಡುವಿನ ಸಾಲುಗಳೂ ಮಾತಾಡುತ್ತಾ ಸಾಗಿಬಿಡುತ್ತವೆ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸತೊಡಗಿದಾಗ ಜಗಲಿಗೆ ಬಂದು ಕೂತು, ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದರೆ ಸಂಜೆಯೊಳಗೆ ಹತ್ತು ಸಾಲು. ಕೆಲಸ ನಿಲ್ಲುವುದು ಕೊನೆಗೆ ಬಂದಾಗ. ಅಂಚು ಮಡಚಿ ಎರಡು ಸುತ್ತು ಹೊಲಿಯಬೇಕು, ಪದರ ದಪ್ಪ, ಸೂಜಿ ಹೋಗುವುದಿಲ್ಲ, ಬೆರಳು ನೋಯುತ್ತದೆ. ಅಷ್ಟರಲ್ಲಿ ಹೊಸ ಬಣ್ಣದ ಇನ್ನೊಂದು ಸೀರೆ ಕಣ್ಣಿಗೆ ಬೀಳುತ್ತದೆ. ಹೀಗೆ ಎಷ್ಟು ಮನೆಗಳ ಪೆಟ್ಟಿಗೆಯಲ್ಲಿ ಅಂಚಿಲ್ಲದ ಕೌದಿಗಳು ಮಲಗಿವೆಯೋ.

ಇಲ್ಲಿ ಮಳೆ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ನಮ್ಮೂರಿನ ಹಿರಿಯ ಹೆಂಗಸೊಬ್ಬರು ಹೊಲಿಗೆ ಕಲಿಯುವ ಹುಡುಗಿಯರಿಗೆ ಹೇಳುತ್ತಿದ್ದ ಮಾತು ಹೀಗಿತ್ತು: "ರೋಹಿಣಿ ಹಿಡಿಯೂದ್ರೊಳಗೆ ಮುಗ್ಸು ತಂಗಿ, ಆಮೇಲೆ ತೊಳದ್ರೆ ಒಣಗೂದಿಲ್ಲ." ಹೊಲಿದ ಮಾತ್ರಕ್ಕೆ ಕೌದಿ ಮುಗಿಯಲಿಲ್ಲ, ತೊಳೆದು ಎರಡು ಬಿಸಿಲು ಕಾಣಿಸಿದ ಮೇಲೇ ಅದು ಮುಗಿದದ್ದು. ಎರಡು ಬಿಸಿಲು ಬೇಕೆಂದರೆ ಮೇ ತಿಂಗಳೊಳಗೇ ಆಗಬೇಕು. ಗಡುವು ಕೊಟ್ಟ ಮಳೆಯ ಜೊತೆ ಚೌಕಾಶಿ ನಡೆಯುವುದಿಲ್ಲ.

ತೊಳೆಯುವುದೂ ಕಡಲಂಚಿನಲ್ಲಿ ಸುಲಭದ ಮಾತಲ್ಲ. ಬೇಸಿಗೆಯ ಕೊನೆಗೆ ಬಾವಿಯ ನೀರು ಇಳಿಯುತ್ತದೆ, ಸಿಹಿನೀರಿನ ಒತ್ತಡ ತಗ್ಗಿದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ. ಅಘನಾಶಿನಿ, ಗಂಗಾವಳಿ, ಶರಾವತಿಯ ಅಳಿವೆಗಳ ಹತ್ತಿರದ ಮನೆಗಳವರಿಗೆ ಇದು ವರ್ಷವೂ ಗೊತ್ತಿರುವ ಕಷ್ಟ. ಸವಳು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ ಕೌದಿ ರಾತ್ರಿ ಮತ್ತೆ ತಣ್ಣಗೆ, ಅಂಟಂಟು. ಮಳೆಗಾಲ ಬಂದಾಗ ಬೂಷ್ಟು ಹಿಡಿಯುವುದು ಮೊದಲು ಅದಕ್ಕೇ. ಆದ್ದರಿಂದ ಮಗುವಿನ ಕೌದಿ ತೊಳೆಯಲು ದೂರದ ಸಿಹಿನೀರಿನ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಕುಡಿಯುವ ನೀರಿಗೇ ತತ್ವಾರವಿರುವ ದಿನಗಳಲ್ಲಿ, ಎರಡು ಮೊಳದ ಬಟ್ಟೆಗಾಗಿ ಆ ನೀರು! ಅಂಟುವಾಳದ ಕಾಯಿ ನೆನೆಸಿ, ಮೆತ್ತಗೆ ಹಿಂಡಿ, ಅಂಗಳದ ಕಲ್ಲಿನ ಮೇಲೆ ಹರಡಿದರೆ ಒಂದು ಕಡೆ ಒಂದು ದಿನ, ಮಗುಚಿ ಇನ್ನೊಂದು ಕಡೆ ಇನ್ನೊಂದು ದಿನ.

ತೊಳೆಯುವುದಕ್ಕೂ ಮುಂಚಿನ ಒಂದು ಕೆಲಸ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ದಾರದ ಗಂಟುಗಳೆಲ್ಲ ಪದರದ ಒಳಗೆ ಅಡಗಿವೆಯೇ ಎಂದು ನೋಡಬೇಕು, ಮಗುವಿನ ಬೆನ್ನಿಗೆ ಗಂಟು ಒತ್ತಬಾರದು. ಆಮೇಲೆ ಸೂಜಿಗಳನ್ನು ಎಣಿಸಬೇಕು. ತೆಗೆದದ್ದೆಷ್ಟು, ಡಬ್ಬಿಗೆ ಮರಳಿದ್ದೆಷ್ಟು. ಕಡಲ ಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದದ್ದು ದಪ್ಪ ಅಂಚಿನಲ್ಲಿ ಮುರಿಯುತ್ತದೆ. ಮುರಿದರೆ ಎರಡೂ ತುಂಡು ಸಿಗುವವರೆಗೆ ಯಾರೂ ಜಗಲಿಯಿಂದ ಏಳುವಂತಿಲ್ಲ. ಲೆಕ್ಕ ಸರಿಹೋದ ಮೇಲೂ ಹಿರಿಯ ಹೆಂಗಸು ತನ್ನ ಅಂಗೈಯನ್ನು ಕೌದಿಯ ಉದ್ದಗಲಕ್ಕೆ ಒತ್ತಿ ಒತ್ತಿ ಸವರುತ್ತಾಳೆ. ಚುಚ್ಚುವುದಾದರೆ ಮೊದಲು ತನಗೇ ಚುಚ್ಚಲಿ ಎಂದು. ಹೊಲಿಗೆಯ ಕೊನೆಯ ಕೆಲಸ ಎಂದರೆ ನನಗೆ ಕಾಣುವುದು ಆ ಅಂಗೈ.

ಕಡಲಂಚಿನ ನಮ್ಮ ಕೌದಿಗೆ ಅಂಚು ಕೊನೆಗೆ. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಕಡೆ ಹೋದರೆ ಈ ಕ್ರಮವೇ ತಿರುಗುಮುರುಗು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ನಡುವೆ ಸಿದ್ದಿ ಜನ ಇದ್ದಾರೆ. ಆಫ್ರಿಕಾದಿಂದ ಹಿಂದಿನ ಶತಮಾನಗಳಲ್ಲಿ ಈ ನೆಲಕ್ಕೆ ತರಲ್ಪಟ್ಟವರ ಸಂತತಿ, ಹಲವರ ಪೂರ್ವಿಕರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರ ಹೆಂಗಸರು ಕೌದಿಯನ್ನು ಮೂಲೆಯಿಂದ, ಅಂಚಿನಿಂದಲೇ ಶುರುಮಾಡುತ್ತಾರೆ. ಕೆಳಗೆ ಒಂದು ಸೀರೆ ಹಾಸಿ, ಅಂಚು ಮಡಚಿ, ತುಂಡು ಇಡುತ್ತ ಹೊಲಿಯುತ್ತ ಸುತ್ತಲೂ ಬರುತ್ತಾರೆ. ಸುತ್ತು ಸುತ್ತಾಗಿ ಒಳಗೆ ಸಾಗಿ, ಕೊನೆಯ ಹೊಲಿಗೆ ಬೀಳುವುದು ನಟ್ಟ ನಡುವಿನಲ್ಲಿ. ಮೊದಲೇ ಕತ್ತರಿಸಿಟ್ಟ ನಕ್ಷೆಯಿಲ್ಲ, ಉಳಿದ ಜಾಗಕ್ಕೆ ಉಳಿದ ತುಂಡು. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ, ಅದಕ್ಕೆ ಫೂಲ, ಅಂದರೆ ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂದು ಹೇಳುವವರೂ ಅವರಲ್ಲಿದ್ದಾರೆ. ಮೂಲೆಗೆ ಹೂವಿಟ್ಟು ಕಳಿಸುವ ಆ ಕಕ್ಕುಲಾತಿ ಎಷ್ಟು ದೊಡ್ಡದು!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಹೆಂಗಸರ ಜೊತೆ ಕೆಲಸ ಮಾಡಿದರು, ಅವರ ಸಹಕಾರ ಸಂಘ ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಅಷ್ಟು ದೂರದವರು ಗೋಡೆಗೆ ತೂಗುಹಾಕಿ ಬೆರಗಾದದ್ದನ್ನು ನಾವು ಘಟ್ಟದ ಕೆಳಗಿದ್ದುಕೊಂಡೂ ಸಂತೆಯಲ್ಲಿ ಕಡಿಮೆ ಬೆಲೆಗೆ ಕೇಳುತ್ತೇವೆ. ಒಂದು ಸಣ್ಣ ಕೌದಿಗೆ ಎಷ್ಟು ಮಧ್ಯಾಹ್ನಗಳು ಹೋಗಿವೆ ಎಂದು ಒಮ್ಮೆ ವಿಚಾರಿಸಿ. ಕೂಲಿಯ ದಿನಗಳ ಲೆಕ್ಕದಲ್ಲಿ ಬೆಲೆ ಕೊಡುವುದು ನ್ಯಾಯ. ಧಾರವಾಡ, ಬೆಳಗಾವಿಯ ಕಡೆ ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ಗೊಂದಳಿ ಸಮುದಾಯದ ಹೆಂಗಸರ ವಿಷಯದಲ್ಲೂ ಇದೇ ಮಾತು.

ಕೆಲಸದ ಈ ಲೆಕ್ಕ ಕಡಲಂಚಿನ ನಮ್ಮ ಮನೆಗಳಲ್ಲೂ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಕೋಲ, ತದಡಿ, ಕಾಸರಕೋಡಿನ ಬಂದರುಗಳಲ್ಲಿ ದೋಣಿಗಳು ಲಂಗರು ಹಾಕುತ್ತವೆ. ಗಂಡಸರು ನೆರಳಲ್ಲಿ ಕೂತು ಹರಿದ ಬಲೆ ಹೆಣೆಯುತ್ತಾರೆ. ಬಲೆ ರಿಪೇರಿ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ಅದಕ್ಕೆ ಕೆಲವು ದಿನ ಮುಂಚೆ ಅದೇ ಜಾಗದಲ್ಲಿ ಕೂತು ಹೆಂಡತಿ ಕೌದಿಯ ಅಂಚು ಹೊಲಿದರೆ ಅದು ಹೊತ್ತು ಕಳೆಯುವುದು. ಈ ಎಣಿಕೆ ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಒಂದು ಕೂಸನ್ನು ಬೆಚ್ಚಗೆ, ಒಣಗಿದ ಬಟ್ಟೆಯಲ್ಲಿ ಇಟ್ಟದ್ದು ಆ ಕೆಲಸವೇ.

ಕೇಳುಗರೇ, ನಿಮ್ಮಲ್ಲಿ ಒಂದು ಬಿನ್ನಹವಿದೆ. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಅರ್ಧಕ್ಕೆ ನಿಂತ ಕೌದಿ ಇರಬಹುದು. ಹೊಲಿಯುತ್ತಿದ್ದವರ ಕಣ್ಣು ಮಂಜಾಗಿ ನಿಂತದ್ದು, ಕೈ ನಡುಗಿ ನಿಂತದ್ದು, ಅಥವಾ ಹೊಲಿಯುವವರೇ ಇಲ್ಲವಾಗಿ ನಿಂತದ್ದು. ಅವರ ಹೊಲಿಗೆಗೆ ನಮ್ಮದು ಸಾಟಿಯಾಗದು ಎಂದು ಅದನ್ನು ಹಾಗೇ ಬಿಟ್ಟಿರುತ್ತೇವೆ. ಇವತ್ತು ಹೊರತೆಗೆಯಿರಿ. ಅವರ ಸಾಲು ನಿಂತಲ್ಲಿಂದ ನಿಮ್ಮ ಸಾಲು ಹಿಡಿಯಿರಿ. ನಿಮ್ಮ ಹೊಲಿಗೆ ಉದ್ದವಾದರೂ ಸರಿ, ಸೊಟ್ಟಾದರೂ ಸರಿ, ಬೇರೆ ಬಣ್ಣದ ದಾರವಾದರೂ ಸರಿ. ದೊಡ್ಡದಾಗಿ ಶುರುವಾದದ್ದು ಮುಗಿಯುವಂತೆ ಕಾಣದಿದ್ದರೆ ಹೊಲಿದಷ್ಟನ್ನೇ ಕತ್ತರಿಸಿ ಎರಡು ಸಣ್ಣ ಕೌದಿ ಮಾಡಿ. ಅಂಚು ಹಾಕಿ, ಸೂಜಿ ಎಣಿಸಿ, ಸಿಹಿನೀರಿನಲ್ಲಿ ತೊಳೆಯಿರಿ. ಒಂದು ಮೂಲೆಯಲ್ಲಿ ಶುರುಮಾಡಿದವರ ಹೆಸರನ್ನೂ ಮುಗಿಸಿದವರ ಹೆಸರನ್ನೂ ದಾರದಲ್ಲೇ ಬರೆಯಿರಿ. ಆಮೇಲೆ ಅದನ್ನು ಮತ್ತೆ ಟ್ರಂಕಿಗೆ ಹಾಕಬೇಡಿ, ಈ ಮಳೆಗಾಲದಲ್ಲಿ ಮಗು ಹುಟ್ಟಲಿರುವ ಮನೆಗೆ ಕೊಟ್ಟುಬಿಡಿ.