ಗುಂಡನ ಅಭ್ಯಂಜನ

(ಬಾನುಲಿ ಭಾಷಣ)

ಬಾನುಲಿಯ ಮೂಲಕ ಮಾತನ್ನು ಕಳಿಸಬಹುದು, ಹಾಡನ್ನು ಕಳಿಸಬಹುದು. ವಾಸನೆಯನ್ನು ಕಳಿಸಲು ಬಾರದು. ಈ ಹೊತ್ತು ನಾನು ಹೇಳಹೊರಟಿರುವ ಸಂಗತಿಯ ಮಟ್ಟಿಗೆ ಇದು ಕೇಳುಗರ ಪುಣ್ಯವೆಂದೇ ತಿಳಿಯಬೇಕು.

2011ರ ಅಕ್ಟೋಬರಿನಲ್ಲಿ ನಾನು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದ ಹೊರವಲಯದಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಆ ಮನೆಯಲ್ಲಿ ಗುಂಡನೆಂಬ ನಾಯಿ. ಎಂಟು ವರ್ಷದ ನನ್ನ ಮೊಮ್ಮಗಳ ಪ್ರಾಣಸ್ನೇಹಿತ. ನಾಯಿ ಹೊಸ್ತಿಲು ದಾಟಬಾರದೆಂಬ ಕಟ್ಟುಪಾಡಿನ ಮನೆಯಲ್ಲಿ ಬೆಳೆದ ನಾನು ಅವನನ್ನು ಮುಟ್ಟದೆ, ದೂರದಿಂದಲೇ ಸೌಜನ್ಯ ತೋರಿಸುತ್ತಿದ್ದೆ.

ಒಂದು ಸಂಜೆ ಹಿತ್ತಲಲ್ಲಿ ಬೊಗಳುವ ಸದ್ದು. ಮರುಕ್ಷಣವೇ ಕುಯ್‌ಗುಟ್ಟುವ ಸದ್ದು. ಕಣ್ಣುಜ್ಜಿಕೊಳ್ಳುತ್ತ ಗುಂಡ ಓಡಿಬಂದ. ಅವನಿಗಿಂತ ಮುಂಚೆ ವಾಸನೆ ಬಂದಿತು. ಸುಟ್ಟ ರಬ್ಬರು, ಕೊಳೆತ ಬೆಳ್ಳುಳ್ಳಿ, ಸೋರುವ ಅಡುಗೆ ಅನಿಲ — ಇವೆಲ್ಲ ಕೂಡಿ ಗಂಟಲಿಗೆ ಇಳಿದಂತಾಯಿತು. ಮಗಳು ಕೂಗಿದಳು: “ಸ್ಕಂಕ್!”

ಸ್ಕಂಕ್ ನಮ್ಮ ನಾಡಿನ ಪ್ರಾಣಿಯಲ್ಲ. ಆದುದರಿಂದ ನಮ್ಮಲ್ಲಿ ಅದಕ್ಕೆ ಹೆಸರೂ ಇಲ್ಲ. ಬೆಕ್ಕಿನ ಗಾತ್ರ, ಕಪ್ಪು ಮೈ, ಬೆನ್ನಿನ ಮೇಲೆ ಎರಡು ಬಿಳಿ ಪಟ್ಟೆ. ಸ್ವಭಾವತಃ ಜಗಳಗಂಟಿಯಲ್ಲ. ಶತ್ರುವನ್ನು ಕಂಡರೆ ಮೊದಲು ಮುಂಗಾಲನ್ನು ನೆಲಕ್ಕೆ ಬಡಿದು, ಬಾಲವನ್ನೆತ್ತಿ ಎಚ್ಚರಿಕೆ ಕೊಡುತ್ತದೆ. ಆ ಭಾಷೆ ನಾಯಿಗೆ ತಿಳಿಯದೆ ಹೋದಾಗ, ಗುದದ್ವಾರದ ಎರಡು ಗ್ರಂಥಿಗಳಿಂದ ಎಣ್ಣೆಯಂಥ ದ್ರವವನ್ನು ಮೂರು ಮೀಟರು ದೂರದವರೆಗೂ ಗುರಿಯಿಟ್ಟು ಚಿಮ್ಮಿಸುತ್ತದೆ. ನಮ್ಮ ಪುನುಗು ಬೆಕ್ಕಿಗೂ ಅಂಥ ಗ್ರಂಥಿಗಳುಂಟು. ಅದರ ಸ್ರಾವ ತಿರುಪತಿಯ ತಿಮ್ಮಪ್ಪನ ಸೇವೆಗೆ ಸಲ್ಲುತ್ತದೆ. ಷಿಕಾಗೋ ಎಂಬ ಹೆಸರು ಹುಟ್ಟಿದ ಮೂಲನಿವಾಸಿಗಳ ಶಬ್ದಕ್ಕೆ ಕಾಡು ಈರುಳ್ಳಿಯ ಜಾತಿಯ ಗಿಡವೆಂದೂ ಸ್ಕಂಕ್ ಎಂದೂ ಎರಡರ್ಥಗಳಿವೆಯಂತೆ. ಎರಡೂ ಗಂಧಕದ ಮಹಿಮೆಯೇ.

ಮೊದಲು ಗುಂಡನ ಕಣ್ಣಿಗೆ ತಣ್ಣೀರು ಹಾಕಿ ತೊಳೆದರು. ಎಲ್ಲಿಯಾದರೂ ಕಚ್ಚಿದ ಗಾಯವಿದೆಯೇ ಎಂದು ಹುಡುಕಿದರು. ಆ ದೇಶದಲ್ಲಿ ಹುಚ್ಚುನಾಯಿ ರೋಗವನ್ನು ಹರಡುವ ಕಾಡುಪ್ರಾಣಿಗಳಲ್ಲಿ ಸ್ಕಂಕೂ ಒಂದು. ಗಾಯವಿರಲಿಲ್ಲ. ಆಮೇಲೆ ನೆರೆಯಾಕೆಯ ಸಲಹೆಯಂತೆ ಡಬ್ಬಿಗಟ್ಟಲೆ ಟೊಮೇಟೊ ರಸ ಸುರಿದು ತಿಕ್ಕಿದರು. ಅರ್ಧ ಗಂಟೆಯ ಬಳಿಕ ನಮಗೆಲ್ಲ ವಾಸನೆ ಹೋದಂತೆಯೇ ತೋರಿತು. ಅಷ್ಟರಲ್ಲಿ ಕೆಲಸದಿಂದ ಹಿಂದಿರುಗಿದ ಅಳಿಯ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತ. ಹೋದದ್ದು ವಾಸನೆಯಲ್ಲ, ನಮ್ಮ ಮೂಗಿನ ಚುರುಕು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದನ್ನು ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ಟೊಮೇಟೊವಿನ ಕೀರ್ತಿಗೆ ಇದೇ ಆಧಾರ.

“ಈ ರಾತ್ರಿ ಹೊರಗೇ ಇರಲಿ, ನಾಯಿ ತಾನೆ,” ಎಂದೆ ನಾನು. ಮೊಮ್ಮಗಳು ಮಾತಾಡಲಿಲ್ಲ. ತನ್ನ ಕಂಬಳಿಯನ್ನು ಹೊತ್ತುಕೊಂಡು ಹೋಗಿ, ಚಳಿಯಲ್ಲಿ ಗುಂಡನನ್ನು ತಬ್ಬಿ ಕುಳಿತಳು. ಕರೆಯಲು ಹೋದ ನನಗೆ, “ತಾತಾ, ಯಾಕೆ ಹೊರಗೆ ಹಾಕಿದೀವಿ ಅಂತ ಅವನಿಗೆ ಗೊತ್ತಿಲ್ಲವಲ್ಲ,” ಎಂದಳು.

ಆ ಮಾತು ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಕೊಂಡೊಯ್ದಿತು. ಆಗ ನಾನು ಒಂದು ಊರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಮನೆಯಲ್ಲಿ ತೊಗಲು ಹದ ಮಾಡುತ್ತಿದ್ದರು. ಅವನ ಬಟ್ಟೆಯಲ್ಲಿ ವಾಸನೆಯೆಂದು ಜೊತೆಯವರು ದೂರಿದಾಗ ನಾನು ಅವರನ್ನು ಗದರಿಸಲಿಲ್ಲ. ಅವನನ್ನೇ ಎಬ್ಬಿಸಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದೆ. ಗಾಳಿ ಚೆನ್ನಾಗಿ ಬರುತ್ತದೆ ಎಂದೆ. ಅವನು ಪುಸ್ತಕ ಎತ್ತಿಕೊಂಡು ಹೋಗಿ ಕುಳಿತ. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ. ಕೇಳುಗರು ತಪ್ಪು ತಿಳಿಯಬಾರದು: ನಾನು ಹುಡುಗನನ್ನು ನಾಯಿಗೆ ಹೋಲಿಸುತ್ತಿಲ್ಲ. ಹೋಲಿಸುತ್ತಿರುವುದು ನಾನು ಮೂಗು ಮುಚ್ಚಿಕೊಂಡ ಎರಡು ದಿನಗಳನ್ನು.

ಅಷ್ಟರಲ್ಲಿ ಮಗಳು ಸರಿಯಾದ ಮದ್ದನ್ನು ಕಂಡುಹಿಡಿದಿದ್ದಳು. ಪಾಲ್ ಕ್ರೆಬಾಮ್ ಎಂಬ ಇಲಿನಾಯ್‌ನ ರಸಾಯನಜ್ಞರು 1993ರಲ್ಲಿ ಪ್ರಕಟಿಸಿದ ಉಪಾಯ ಅದು. ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರು, ಅಡುಗೆ ಸೋಡಾ ಕಾಲು ಬಟ್ಟಲು, ಪಾತ್ರೆ ತೊಳೆಯುವ ದ್ರವ ಸಾಬೂನು ಒಂದೆರಡು ಚಮಚ. ಓದುತ್ತಿದ್ದಂತೆ ನಾಚಿಕೆಯಾಯಿತು, ಮೂವತ್ತು ವರ್ಷ ನಾನೇ ಪಾಠ ಹೇಳಿದ ಉತ್ಕರ್ಷಣ ಕ್ರಿಯೆಯಲ್ಲವೇ ಇದು! ಆ ದುರ್ವಾಸನೆಗೆ ಕಾರಣ ಥಿಯಾಲ್ ಎಂಬ ಗಂಧಕದ ಸಂಯುಕ್ತಗಳು. ನಮ್ಮ ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಬೆರೆಸುವ ವಸ್ತುವೂ ಅದೇ ಕುಲದ್ದು. ಸಾಬೂನು ಎಣ್ಣೆಯನ್ನು ಬಿಡಿಸುತ್ತದೆ. ಸೋಡಾ ಕ್ಷಾರಗುಣ ಕೊಡುತ್ತದೆ. ಪೆರಾಕ್ಸೈಡ್ ಆಮ್ಲಜನಕವನ್ನು ಸೇರಿಸಿ, ಥಿಯಾಲನ್ನು ನೀರಿನಲ್ಲಿ ಕರಗುವ, ವಾಸನೆಯಿಲ್ಲದ ಬೇರೆಯೇ ವಸ್ತುವಾಗಿ ಮಾರ್ಪಡಿಸುತ್ತದೆ. ಟೊಮೇಟೊ ಮುಚ್ಚುತ್ತದೆ, ಇದು ಬದಲಿಸುತ್ತದೆ.

ಮಿಶ್ರಣವನ್ನು ಆಗಲೇ ಮಾಡಿ ಆಗಲೇ ಬಳಸಬೇಕು. ಸೀಸೆಯಲ್ಲಿ ಬಿರಡೆ ಹಾಕಿಟ್ಟರೆ ಅನಿಲದ ಒತ್ತಡಕ್ಕೆ ಸಿಡಿದೀತು. ನಾಯಿಯ ಕಣ್ಣಿಗೆ, ಬಾಯಿಗೆ ತಾಗಬಾರದು. ಕಪ್ಪು ಕೂದಲು ಕೊಂಚ ಕೆಂಚಾಗಬಹುದು. ಐದು ನಿಮಿಷ ಬಿಟ್ಟು ಬೆಚ್ಚನೆಯ ನೀರು ಹುಯ್ಯಬೇಕು.

“ನಾನು ತಿಕ್ಕುತ್ತೇನೆ,” ಎಂದೆ. ಮಗಳು ಆಶ್ಚರ್ಯದಿಂದ ನೋಡಿದಳು. ಕೈಚೀಲ ತೊಟ್ಟು, ಪಂಚೆ ಮೇಲೆ ಕಟ್ಟಿ, ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನಾಯಿಯೊಂದನ್ನು ಮುಟ್ಟಿದೆ. ಬುರುಗು ಕಿವಿಯ ಬುಡಕ್ಕೂ ಬಾಲದ ತುದಿಗೂ ಹೋಯಿತು. ದೀಪಾವಳಿಯ ಅಭ್ಯಂಜನಕ್ಕೆ ಕುಳಿತ ಹುಡುಗನ ಹಾಗೆ ಗುಂಡ ನಡುಗುತ್ತ ನಿಂತಿದ್ದ. ಎರಡನೆಯ ಸಲ ತಿಕ್ಕಿ ತೊಳೆದ ಮೇಲೆ ಅಳಿಯನನ್ನು ಕರೆದು ಮೂಸಿಸಿದೆವು. “ಪರವಾಗಿಲ್ಲ,” ಎಂದ. ಆ ರಾತ್ರಿ ಗುಂಡ ಮೊಮ್ಮಗಳ ಹಾಸಿಗೆಯ ಬಳಿಯೇ ಮಲಗಿದ.

ಸ್ಕಂಕಿನ ದ್ರವದಲ್ಲಿ ಇನ್ನೊಂದು ಬಗೆಯ ಸಂಯುಕ್ತವೂ ಇರುತ್ತದೆ. ಒಣಗಿದಾಗ ಅದು ಸುಮ್ಮನಿದ್ದು, ತೇವ ತಗುಲಿದಾಗ ಮೆಲ್ಲಮೆಲ್ಲನೆ ಥಿಯಾಲಾಗಿ ಮಾರ್ಪಡುತ್ತದೆ. ಆದುದರಿಂದಲೇ ಮಳೆ ಬಂದ ದಿನಗಳಲ್ಲಿ ಗುಂಡನ ಕಿವಿಯ ಹಿಂದೆ ಆ ವಾಸನೆ ತುಸು ಮರುಕಳಿಸುತ್ತಿತ್ತು. ವಾಸನೆ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಮನಸ್ಸಿನಲ್ಲಿ ಉಳಿದ ಸಂಸ್ಕಾರವೆಂಬ ಅರ್ಥವನ್ನೂ ಕೊಟ್ಟಿದ್ದಾರೆ. ನಾಯಿಯ ಮೈಗೆ ಅಂಟಿದ್ದನ್ನು ಅಡುಗೆ ಸೋಡಾ ತೆಗೆಯಿತು. ನಾನು ಊರಿಗೆ ಮರಳಿದ ಮೇಲೆ ಆ ಶಾಲೆಗೆ ಹೋಗಿ ಹುಡುಗನ ವಿಷಯ ವಿಚಾರಿಸಿದೆ. ಅವನ ಹೆಸರನ್ನು ನೆನಪಿಟ್ಟುಕೊಂಡವರು ಅಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಪಕ್ಕದ ಬೆಂಚು ಇತ್ತು. ಸ್ವಲ್ಪ ಹೊತ್ತು ಅದರಲ್ಲಿ ಕುಳಿತಿದ್ದು ಎದ್ದು ಬಂದೆ.